ಚಿಕ್ಕಮ್ಮನ ಹದಿನೆಂಟು ಕ್ಲಿಪ್‌ಗಳು

ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ, ಹಾಸ್ಟೆಲ್‌ನಲ್ಲಿ ಮಾತೆಲ್ಲ ಕನ್ನಡವೇ, ಆದ್ರೆ ಕನ್ನಡದಲ್ಲಿ ಇಷ್ಟುದ್ದ ಬರೆದಿದ್ದು ಹತ್ತನೇ ಕ್ಲಾಸಿನ ಪ್ರಬಂಧವೇ ಕೊನೆ. ಒತ್ತಕ್ಷರ ತಪ್ಪಿದ್ದರೆ ಸಂಘದ ಸೀನಿಯರ್ಸ್ ತಿದ್ದಿರ್ತಾರೆ ಅನ್ನೋ ಧೈರ್ಯದ ಮೇಲೆ ಶುರು ಮಾಡ್ತಿದ್ದೀನಿ.

ಮೂರನೇ ಸೆಮ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಟಾಪಿಕ್ ಹುಡುಕ್ತಾ ಇದ್ವಿ. ಅಟೆಂಡೆನ್ಸ್ ಸಿಸ್ಟಮ್, ಪಾರ್ಕಿಂಗ್ ಸೆನ್ಸರ್ ಎಲ್ಲ ಬೇರೆಯವರು ತಗೊಂಡಾಗಿತ್ತು. ಆಗ ನಮ್ಮ ಟೀಮಿನ ಒಬ್ಬ 'ಇಂಟರಾಕ್ಟಿವ್ ಡಾಕ್ಯುಮೆಂಟರಿ' ಅಂದ. ಮಾಮೂಲಿ ಡಾಕ್ಯುಮೆಂಟರಿಯನ್ನು ಡೈರೆಕ್ಟರ್ ಜೋಡಿಸಿದ ಕ್ರಮದಲ್ಲೇ ನೋಡಬೇಕು. ಇದರಲ್ಲಿ ಹಾಗಿಲ್ಲ. ಚಿಕ್ಕ ಚಿಕ್ಕ ವಿಡಿಯೋ ತುಣುಕುಗಳು ಒಂದು ಪೇಜ್‌ನಲ್ಲಿರುತ್ತವೆ, ಯಾವುದು ಮೊದಲು, ಯಾವುದು ಆಮೇಲೆ ಅಂತ ನೋಡುವವರೇ ಕ್ಲಿಕ್ ಮಾಡಿ ಆರಿಸಿಕೊಳ್ತಾರೆ. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್‌ಗಾಗಿ ಕ್ಯಾಟರಿನಾ ಸಿಜೆಕ್ ಅನ್ನೋರು 2010ರಲ್ಲಿ ಮಾಡಿದ 'ಔಟ್ ಮೈ ವಿಂಡೋ' ಇದಕ್ಕೆ ದೊಡ್ಡ ಉದಾಹರಣೆ. ಜಗತ್ತಿನ 13 ನಗರಗಳ ಎತ್ತರದ ಕಟ್ಟಡಗಳಲ್ಲಿ ಬದುಕುವ ಜನರ 49 ಕಥೆಗಳು ಅದರಲ್ಲಿವೆ. ಆ ಹದಿಮೂರರಲ್ಲಿ ನಮ್ಮ ಬೆಂಗಳೂರೂ ಒಂದು.

ಎಚ್‌ಟಿಎಂಎಲ್, ಸ್ವಲ್ಪ ಜಾವಾಸ್ಕ್ರಿಪ್ಟ್ ಗೊತ್ತಿದ್ದರೆ ಆಯ್ತು, ನಾವೂ ಮಾಡಬಹುದು ಅನ್ನಿಸ್ತು. ವಿಷಯ ಏನು? 'ವಲಸೆ ಹೆಣ್ಣುಮಕ್ಕಳ ದಿನನಿತ್ಯದ ಬದುಕು' ಅಂದ್ರೆ ಸೋಶಿಯಲ್ ಇಂಪ್ಯಾಕ್ಟ್ ಕಾಲಮ್‌ಗೆ ಒಳ್ಳೆ ಮಾರ್ಕ್ಸ್ ಬರುತ್ತೆ ಅಂತ ಲೆಕ್ಕ. ಸುಳ್ಳು ಹೇಳಲ್ಲ, ಶುರುವಾಗಿದ್ದು ಹೀಗೇನೇ. ಯಾರನ್ನ ಶೂಟ್ ಮಾಡೋದು ಅಂದಾಗ ನಾನೇ ಬಾಯಿ ಹಾಕಿ "ನಮ್ಮ ಚಿಕ್ಕಮ್ಮ ಇದ್ದಾಳೆ" ಅಂದೆ.

ನಮ್ಮೂರು ಹಿರೀಸಾವೆ. ಬೆಂಗಳೂರಿಂದ ಹಾಸನಕ್ಕೆ ಹೋಗೋ ಹೈವೇಯಲ್ಲಿ ಬೆಳ್ಳೂರು ಕ್ರಾಸ್ ದಾಟಿದ ಮೇಲೆ ಸಿಗುತ್ತೆ. ಅಜ್ಜಿ ಮನೆಯೂ ಅಲ್ಲೇ, ನಮ್ಮನೆಯಿಂದ ಎರಡು ಬೀದಿ ಆಚೆ. ಚಿಕ್ಕಪ್ಪ ತೀರಿಕೊಂಡು, ತೋಟದ ಬೋರು ಬತ್ತಿ, ತೆಂಗಿನ ಮರಗಳು ಸುಳಿ ಒಣಗಿ ನಿಂತಾಗ ಚಿಕ್ಕಮ್ಮ ಮಗಳನ್ನ ಅಜ್ಜಿ ಹತ್ರ ಬಿಟ್ಟು ಬೆಂಗಳೂರಿಗೆ ಗಾರ್ಮೆಂಟ್ಸ್‌ಗೆ ಹೋದಳು. ಆಗ ನಾನು ಯುಕೆಜಿ. ಪೀಣ್ಯದ ಹತ್ರ ಒಂದು ವಠಾರದಲ್ಲಿ ಒಂದೇ ರೂಮು. ಹೆಲ್ಪರ್ ಆಗಿ ಸೇರಿದವಳು ಈಗ ಟೈಲರ್, ಕಾಲರ್ ಕೂರಿಸ್ತಾಳೆ.

ನಾವು ಎರಡು ದಿನ ಶೂಟ್ ಮಾಡಿದ್ವಿ. ಬೆಳಗ್ಗೆ 4:30ಕ್ಕೆ ಅಲಾರಂ, ನಲ್ಲಿ ಹತ್ರ ಬಿಂದಿಗೆ ಸಾಲು, ಮುದ್ದೆ ಬಾಕ್ಸು, ಗೇಟ್ ಮುಚ್ಚೋ ಮೊದಲು ತಲುಪೋ ಓಟ. ಫ್ಯಾಕ್ಟರಿ ಒಳಗೆ ಮೊಬೈಲ್ ಬಿಡಲ್ಲ. ಅದಕ್ಕೆ ಚಿಕ್ಕಮ್ಮನೇ ರೂಮಲ್ಲಿ ಚಾಪೆ ಮೇಲೆ ಕೂತು, ಮುಂದೆ ಮಿಷನ್ ಇದೆ ಅನ್ನೋ ಥರ ಕೈ ಆಡಿಸಿ ಕಾಲರ್ ಕೂರಿಸೋದನ್ನ ತೋರಿಸಿದಳು. ಬರೀ ಗಾಳಿಯಲ್ಲಿ. ಬೆರಳು ಒಂದು ಸಲವೂ ತಡವರಿಸಲಿಲ್ಲ. ಒಟ್ಟು 18 ಕ್ಲಿಪ್ ಆದವು. ಪೇಜ್ ತೆರೆದರೆ ದೊಡ್ಡ ಗಡಿಯಾರ, ಯಾವ ಗಂಟೆ ಒತ್ತಿದರೆ ಆ ಗಂಟೆಯ ಚಿಕ್ಕಮ್ಮ. ನೋಡೋಕೆ ಸಖತ್ತಾಗಿತ್ತು, ಈಗಲೂ ಹಾಗೇ ಅನ್ನಿಸುತ್ತೆ.

ಕ್ಲಾಸಿನವರಿಗೆ ಟೆಸ್ಟಿಂಗ್‌ಗೆ ಕೊಟ್ವಿ. ಯಾರು ಏನು ಒತ್ತಿದರು ಅಂತ ಲಾಗ್ ಮಾಡೋ ಕೋಡ್ ನಾನೇ ಬರೆದಿದ್ದೆ. ಹೆಚ್ಚು ಜನ ಕೊನೆವರೆಗೂ ನೋಡಿದ್ದು ಎರಡು ಕ್ಲಿಪ್. ಒಂದರಲ್ಲಿ ಮಗಳನ್ನ ಬಿಟ್ಟು ಬಂದ ದಿನ ನೆನೆಸಿಕೊಂಡು ಅತ್ತಿದ್ದು, ಇನ್ನೊಂದರಲ್ಲಿ ಟಾರ್ಗೆಟ್ ಮುಗಿಯದಿದ್ದಾಗ ಸೂಪರ್‌ವೈಸರ್ ಏನೇನು ಬೈತಾರೆ ಅಂತ ಹೇಳಿದ್ದು. ನಲ್ಲಿ ಸಾಲಿನ ಕ್ಲಿಪ್‌ನ ಆರೇಳು ಸೆಕೆಂಡಿಗೇ ಸ್ಕಿಪ್ ಮಾಡಿದ್ದರು. ಆ ಸಾಲಲ್ಲಿ ಚಿಕ್ಕಮ್ಮ ದಿನಾ ಮುಕ್ಕಾಲು ಗಂಟೆ ನಿಲ್ತಾಳೆ.

ಸಬ್ಮಿಷನ್ ಬುಧವಾರ ಇತ್ತು. ಅದರ ಹಿಂದಿನ ಭಾನುವಾರ ಚಿಕ್ಕಮ್ಮ ಊರಿಗೆ ಬರ್ತಾಳೆ ಅಂತ ಗೊತ್ತಾಗಿ ನಾನೂ ಹೋದೆ. ಮೊದಲು ಅವಳು ಬರ್ತಿದ್ದದ್ದು ಯುಗಾದಿಗೆ, ಗೌರಿ ಹಬ್ಬಕ್ಕೆ, ದೀಪಾವಳಿಗೆ ಮಾತ್ರ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಿಂಗಳಿಗೆ ಎರಡು ಸಲ ಬರ್ತಾಳೆ. ಗೊರಗುಂಟೆಪಾಳ್ಯದಲ್ಲಿ ಕೆಂಪು ಬಸ್ಸು ಹತ್ತಿ, ಆಧಾರ್ ತೋರಿಸಿ, ಜೀರೋ ಟಿಕೆಟ್ ತಗೊಂಡು.

ಅಜ್ಜಿ ಮನೆ ಜಗಲಿ ಮೇಲೆ ಲ್ಯಾಪ್‌ಟಾಪ್ ಇಟ್ಟು ತೋರಿಸಿದೆ. ಮೊದಲು ನಕ್ಕಳು. "ಅಯ್ಯೋ, ಆ ನೈಟಿಲೇ ತೆಗ್ದಿದ್ದೀರಲ್ಲೇ" ಅಂದಳು. ಆಮೇಲೆ ಒಂದೊಂದೇ ಒತ್ತಿ ಸುಮ್ಮನೆ ನೋಡಿದಳು. ಸೂಪರ್‌ವೈಸರ್ ಕ್ಲಿಪ್ ಬಂದಾಗ ಮುಖ ಬದಲಾಯ್ತು.

"ಪುಟ್ಟಿ, ಇದನ್ನ ಯಾರ್ ಬೇಕಾದ್ರೂ ನೋಡ್ಬೋದಾ?"

"ಲಿಂಕ್ ಇದ್ರೆ ಯಾರಾದ್ರೂ ನೋಡ್ಬಹುದು ಚಿಕ್ಕಮ್ಮ."

"ಹಂಗಾದ್ರೆ ಇದು ಬ್ಯಾಡ ಕಣವ್ವ. ನಾಳೆ ನನ್ನ ಕೆಲ್ಸ ಹೋದ್ರೆ ನಿಮ್ ಕಾಲೇಜ್ನೋರು ಕೊಡ್ತಾರಾ?"

ಅತ್ತಿದ್ದ ಕ್ಲಿಪ್ಪೂ ಬೇಡ ಅಂದಳು. ಅವಳ ಮಗಳು ಈಗ ಸೆಕೆಂಡ್ ಪಿಯು. "ಅವ್ಳು ನೋಡುದ್ರೆ, ತನ್ನಿಂದ ಅಮ್ಮಂಗೆ ಹಿಂಗಾಯ್ತು ಅಂದ್ಕೋತಾಳೆ. ನಿನ್ ಹತ್ರ ಹೇಳ್ಕೊಂಡೆ, ಊರಿಗೆಲ್ಲ ಹೇಳ್ದಂಗೆ ಆಯ್ತಲ್ಲ" ಅಂದಳು. ಅವಳು ಬೈದಿದ್ದರೆ ವಾಸಿ ಇತ್ತು. ಬೈಯಲಿಲ್ಲ.

ನಮ್ಮ ಹತ್ರ ಅವಳ ಒಪ್ಪಿಗೆ ಪತ್ರ ಇತ್ತು. ಸೈನ್ ಕೂಡ ಇತ್ತು. ಅದು ಇಂಗ್ಲಿಷಿನಲ್ಲಿತ್ತು, ನೆಟ್‌ನಿಂದ ಡೌನ್‌ಲೋಡ್ ಮಾಡಿದ್ದು. "ಇಲ್ಲೊಂದು ಸೈನ್ ಹಾಕು ಚಿಕ್ಕಮ್ಮ" ಅಂದಿದ್ದೆ, ಅಕ್ಕನ ಮಗಳು ಕೇಳಿದಳು ಅಂತ ಹಾಕಿದ್ದಳು. ಅದನ್ನ ಒಪ್ಪಿಗೆ ಅಂತ ಕರೆದವಳು ನಾನು.

ಆಮೇಲೆ ಅವಳೇ ಕೇಳಿದಳು, "ಅಲ್ಲ, ಪಿಎಫ್ ಗಲಾಟೆ ಯಾಕ್ ಹಾಕಿಲ್ಲ?"

ನನಗೆ ಅದೇನು ಅಂತಾನೇ ಗೊತ್ತಿರಲಿಲ್ಲ. 2016ರಲ್ಲಿ ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗೋವರೆಗೂ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಗಾರ್ಮೆಂಟ್ಸ್‌ನಲ್ಲಿ ಅಷ್ಟು ವರ್ಷ ಕೆಲಸ ಮಾಡೋರು ಎಷ್ಟು ಜನ? ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಕೆಲಸ ಬಿಟ್ಟು ರಸ್ತೆಗೆ ಬಂದರು. ಹೊಸೂರು ರಸ್ತೆ, ತುಮಕೂರು ರಸ್ತೆ ಬಂದ್ ಆಯ್ತು. 19ರಂದೇ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ಚಿಕ್ಕಮ್ಮ ಆ ಗುಂಪಿನಲ್ಲಿದ್ದಳು. ಆಮೇಲೆ ಅದೇ ಪಿಎಫ್ ದುಡ್ಡು ತೆಗೆದು ಅಜ್ಜಿ ಮನೆ ಅಡುಗೆಮನೆಗೆ ಶೀಟ್ ಬದಲು ಆರ್‌ಸಿಸಿ ಹಾಕಿಸಿದಳು. ಆ ಅಡುಗೆಮನೆಯಲ್ಲಿ ನಾನು ಎಷ್ಟು ಸಲ ಊಟ ಮಾಡಿದ್ದೀನೋ ಲೆಕ್ಕ ಇಲ್ಲ. ನಮ್ಮ 18 ಕ್ಲಿಪ್‌ನಲ್ಲಿ ಅದು ಇರಲಿಲ್ಲ, ಯಾಕಂದ್ರೆ ನಾವು ಕೇಳೇ ಇರಲಿಲ್ಲ. 'ಕಷ್ಟ ಏನೇನಿದೆ ಚಿಕ್ಕಮ್ಮ' ಅಂತ ಮಾತ್ರ ಕೇಳಿದ್ವಿ.

ಅವತ್ತು ಮಧ್ಯಾಹ್ನ ನೋಟ್‌ಬುಕ್ ಹಾಳೆ ಹರಿದು, ಒಂದೊಂದು ಚೀಟಿ ಮೇಲೆ ಒಂದೊಂದು ಕ್ಲಿಪ್ ಹೆಸರು ಬರೆದುಕೊಟ್ಟೆ. ಚಿಕ್ಕಮ್ಮ ಜಗಲಿ ಮೇಲೆ ಜೋಡಿಸಿದಳು. ಮೊದಲು ಅಡುಗೆಮನೆ, ಆಮೇಲೆ ಪಿಎಫ್ ಗಲಾಟೆ, ಭಾನುವಾರದ ಬಸ್ಸು, ಗಾಳಿಯಲ್ಲಿ ಕಾಲರ್. ಅಲಾರಂ ಚೀಟಿ ಕೊನೆಗೆ. "ಅದೆಲ್ಲಾರ್ಗೂ ಇರೋದೆ" ಅಂದಳು. ಅಡುಗೆಮನೆ, ಗಲಾಟೆ, ಬಸ್ಸು, ಈ ಮೂರನ್ನ ಸಂಜೆಯೊಳಗೆ ಹೊಸದಾಗಿ ಮೊಬೈಲಲ್ಲೇ ಶೂಟ್ ಮಾಡಿದೆ. ಬಸ್ಸಿನದ್ದು ಅವಳು ಪೀಣ್ಯಕ್ಕೆ ವಾಪಸ್ ಹೊರಟಾಗ.

ಟೀಮಿನಲ್ಲಿ ಜಗಳ ಆಯ್ತು. ಎರಡು ಬೆಸ್ಟ್ ಕ್ಲಿಪ್ ತೆಗೆದರೆ ಉಳಿಯೋದೇನು, ಸೈನ್ ಇದೆಯಲ್ಲ, ಮುಖ ಬ್ಲರ್ ಮಾಡೋಣ ಅಂದರು. ಧ್ವನಿ ಕೇಳಿದರೆ ಆ ಲೈನಿನವರಿಗೆ ಯಾರು ಅಂತ ಗೊತ್ತಾಗಲ್ವಾ? ರಾತ್ರಿ ಒಂದು ಗಂಟೆವರೆಗೂ ವಾದ ಮಾಡಿ ಕೊನೆಗೆ ಡಿಲೀಟ್ ಮಾಡಿದ್ವಿ, ಬ್ಯಾಕಪ್‌ನಿಂದಲೂ. ಪೇಜ್ ತೆರೆದ ತಕ್ಷಣ ಗಡಿಯಾರ ಬರಲ್ಲ ಈಗ. ಮೊದಲು ಚಿಕ್ಕಮ್ಮ ಜೋಡಿಸಿದ ಕ್ರಮದಲ್ಲಿ ಪೂರ್ತಿ ನೋಡಬೇಕು, ಆಮೇಲೆ ಬೇಕಾದ್ದು ಒತ್ತಬಹುದು. ವೈವಾದಲ್ಲಿ ಮೊದಲ ಪ್ರಶ್ನೆಯೇ "ಇದರಲ್ಲಿ ಇಂಟರಾಕ್ಟಿವಿಟಿ ಎಲ್ಲಿದೆ?" ಉತ್ತರ ಸರಿಯಾಗಿ ಬರಲಿಲ್ಲ, ಮಾರ್ಕ್ಸೂ ಅಷ್ಟಕ್ಕಷ್ಟೇ.

ಆಮೇಲೆ ಓದುವಾಗ 'ಯುಗಾಂತರ್' ಅನ್ನೋ ಗುಂಪಿನ ಬಗ್ಗೆ ಗೊತ್ತಾಯ್ತು. 1980ರಲ್ಲಿ ಬೆಂಗಳೂರಿನಲ್ಲಿ ದೀಪಾ ಧನರಾಜ್ ಮತ್ತು ಗೆಳೆಯರು ಕಟ್ಟಿದ ಸಿನಿಮಾ ತಂಡ. ಅವರು 1982ರಲ್ಲಿ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳ ಬಗ್ಗೆ ಒಂದು ಡಾಕ್ಯುಮೆಂಟರಿ ಮಾಡಿದರು. ತಿಂಗಳುಗಟ್ಟಲೆ ಆ ಹೆಂಗಸರ ಜೊತೆಗಿದ್ದು, ಏನು ತೋರಿಸಬೇಕು, ಹೇಗೆ ತೋರಿಸಬೇಕು ಅಂತ ಅವರ ಜೊತೆ ಕೂತು ಮಾತಾಡಿ ಮಾಡಿದ್ದು. ಅದರಲ್ಲಿ ಒಂದು ಬಟನ್ನೂ ಇಲ್ಲ, ಕ್ಲಿಕ್ಕೂ ಇಲ್ಲ. ವೈವಾದಲ್ಲಿ ನಾನು ಇದನ್ನ ಹೇಳಬೇಕಿತ್ತು. ನಾವು ಆಯ್ಕೆಯನ್ನೆಲ್ಲ ನೋಡುವವರಿಗೆ ಕೊಟ್ಟಿದ್ವಿ. ಸ್ಕಿಪ್ ಅವರದ್ದು, ಕ್ಲಿಕ್ ಅವರದ್ದು. ಯಾರ ಬದುಕೋ ಅವರ ಕೈಗೆ ಒಂದು ಬಟನ್ನೂ ಕೊಟ್ಟಿರಲಿಲ್ಲ. ಅವರಿಗೆ ಮೊದಲು ಕೊಡಬೇಕಾದ್ದು ಡಿಲೀಟ್ ಬಟನ್.

ಮೊನ್ನೆ ಫೋನಿನಲ್ಲಿ ಚಿಕ್ಕಮ್ಮ ಹೇಳ್ತಿದ್ದಳು, ಅವಳ ಲೈನಿಗೆ ಒಡಿಶಾದ ಹುಡುಗೀರು ಬಂದಿದ್ದಾರಂತೆ, ನನ್ನ ವಯಸ್ಸಿನವರೇ. ಶಕ್ತಿ ಟಿಕೆಟ್ ನಮ್ಮ ರಾಜ್ಯದ ಹೆಂಗಸರಿಗೆ ಮಾತ್ರ, ಅವರಿಗಿಲ್ಲ. ಭಾನುವಾರ ಹೋಗಿ ಬರೋಕೆ ಅವರೂರು ಹಿರೀಸಾವೆಯೂ ಅಲ್ಲ. "ಮುಂದಿನ್ ಸಲ ಅವ್ರುದ್ನ ಮಾಡು" ಅಂದಳು. "ಅವ್ರ ಮಾತು ಬರಲ್ವಲ್ಲ ಚಿಕ್ಕಮ್ಮ" ಅಂದೆ. "ಹಂಗಾದ್ರೆ ಮೊದ್ಲು ಕಲ್ತ್ಕೊ" ಅಂದಳು.

ಪ್ರಾಜೆಕ್ಟ್ ನೋಡಬೇಕು ಅನ್ನೋರು ಹಾಸ್ಟೆಲ್‌ಗೆ ಬನ್ನಿ, ನನ್ನ ಲ್ಯಾಪ್‌ಟಾಪಿನಲ್ಲಿ ತೋರಿಸ್ತೀನಿ. ಲಿಂಕ್ ಇಲ್ಲಿ ಹಾಕಿಲ್ಲ. ಸದ್ಯಕ್ಕೆ ಬೇಡ ಅಂದಿದ್ದಾಳೆ ಚಿಕ್ಕಮ್ಮ. ಈ ಲೇಖನವನ್ನ ಮಾತ್ರ ಕಳಿಸೋ ಮೊದಲು ಫೋನಿನಲ್ಲಿ ಪೂರ್ತಿ ಓದಿ ಹೇಳಿದ್ದೀನಿ. ಎರಡು ಸಾಲು ತೆಗೆಸಿದಳು.