ಮಧುಮೇಹದ ದೇಶಾಟನ

ವ್ಯಾಧಿಯಿಲ್ಲದ ದೇಶವಿಲ್ಲ, ಮರಣವಿಲ್ಲದ ಮನೆಯಿಲ್ಲ. ಆದರೆ ಒಂದೇ ವ್ಯಾಧಿಯು ಒಂದು ದೇಶದಲ್ಲಿ ಮನುಷ್ಯನೊಡನೆ ನಲವತ್ತು ವರ್ಷ ಇದ್ದುಕೊಂಡು, ಇನ್ನೊಂದು ದೇಶದಲ್ಲಿ ಅವನನ್ನು ನಡುವಯಸ್ಸಿನಲ್ಲಿಯೇ ಎಳೆದುಕೊಂಡು ಹೋಗುವುದೇಕೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಮಧುಮೇಹದ ವಿಷಯದಲ್ಲಿ ಈ ಪ್ರಶ್ನೆಯನ್ನು ಇಟ್ಟುಕೊಂಡು ಭೂಮಂಡಲವನ್ನು ಒಂದು ಸುತ್ತು ಸುತ್ತಿ ಬರೋಣವೆಂದು ನಾವು ಸಂಕಲ್ಪಿಸಿದ್ದೇವೆ. ಬಹುಕಾಲ ಮಕ್ಕಳಿಗೆ ಸಂಸ್ಕೃತವನ್ನೂ ಭೂಗೋಳವನ್ನೂ ಹೇಳಿಕೊಟ್ಟ ನಮಗೆ ಈ ಪ್ರಯಾಣಕ್ಕೆ ಹಡಗಿನ ಟಿಕೆಟ್ಟು ಬೇಕಾಗಿಲ್ಲ. ಗೋಡೆಯ ಮೇಲಿನ ಭೂಪಟವೂ, ಆಯಾ ಸರ್ಕಾರಗಳು ಪ್ರಕಟಿಸಿರುವ ಜನನಮರಣಗಳ ಲೆಕ್ಕವೂ ಸಾಕು. ವಾಚಕರೂ ನಮ್ಮೊಡನೆ ಹೊರಡಬಹುದು.

ಹೊರಡುವ ಮುನ್ನ ವ್ಯಾಧಿಯ ಪರಿಚಯವನ್ನು ಸ್ವಲ್ಪ ಮಾಡಿಕೊಳ್ಳಬೇಕು. ನಮ್ಮ ಸುಶ್ರುತಾಚಾರ್ಯರು ಪ್ರಮೇಹವನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ: ಹುಟ್ಟಿನಿಂದ ಬಂದುದು ಸಹಜ, ಆಹಾರವಿಹಾರಗಳ ದೋಷದಿಂದ ಬಂದುದು ಅಪಥ್ಯನಿಮಿತ್ತಜ. ಇಂದಿನ ವೈದ್ಯರೂ ಮುಖ್ಯವಾಗಿ ಎರಡು ಬಗೆಗಳನ್ನು ಹೇಳುವರು. ಮೊದಲನೆಯದರಲ್ಲಿ ಮೇದೋಜೀರಕಾಂಗವು ಇನ್ಸುಲಿನ್ ಎಂಬ ರಸವನ್ನು ಉತ್ಪಾದಿಸುವುದನ್ನೇ ನಿಲ್ಲಿಸುತ್ತದೆ. ಇದು ಹೆಚ್ಚಾಗಿ ಮಕ್ಕಳಲ್ಲಿಯೂ ತರುಣರಲ್ಲಿಯೂ ಕಾಣುವುದು. ಎರಡನೆಯದರಲ್ಲಿ ರಸವಿದ್ದರೂ ಶರೀರವು ಅದರ ಮಾತನ್ನು ಕೇಳದು. ರೋಗಿಗಳಲ್ಲಿ ಬಹುಪಾಲು ಈ ವರ್ಗದವರೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ೨೦೨೧ರಲ್ಲಿ ಮಧುಮೇಹವೇ ನೇರವಾದ ಕಾರಣವಾಗಿ ಸತ್ತವರು ೧೬ ಲಕ್ಷ ಮಂದಿ. ಅವರಲ್ಲಿ ನೂರಕ್ಕೆ ೪೭ ಮಂದಿ ಎಪ್ಪತ್ತು ತುಂಬುವ ಮೊದಲೇ ಹೋದವರು.

ರೋಗಿಗಳು ಹೆಚ್ಚಿರುವಲ್ಲಿ ಸಾವೂ ಹೆಚ್ಚು, ಕಡಮೆಯಿರುವಲ್ಲಿ ಕಡಮೆ ಎಂದು ನಾವು ಊಹಿಸುವೆವು. ಈ ಊಹೆಯನ್ನು ಎರಡು ದೇಶಗಳಲ್ಲಿ ಪರೀಕ್ಷಿಸೋಣ.

ಮೊದಲನೆಯದು ಮೆಕ್ಸಿಕೋ. ಇದು ಮುಸುಕಿನ ಜೋಳದ ತೌರುಮನೆ. ಅಲ್ಲಿಯ ಪೂರ್ವಿಕರು ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಅರೆದು, ತೋರ್ತಿಯಾ ಎಂಬ ರೊಟ್ಟಿಯನ್ನು ತಟ್ಟಿ, ಕಾಳುಗಳೊಡನೆಯೂ ಪಾಪಾಸುಕಳ್ಳಿಯ ಎಳೆಯ ದಳಗಳೊಡನೆಯೂ ಉಣ್ಣುತ್ತಿದ್ದರು. ಇಂದೂ ರೊಟ್ಟಿಯುಂಟು, ಆದರೆ ಅದರ ಪಕ್ಕದಲ್ಲಿ ಸಕ್ಕರೆಯ ಪಾನೀಯದ ಸೀಸೆಯೂ ಉಂಟು. ಇಂತಹ ಪಾನೀಯಗಳನ್ನು ಅತ್ಯಧಿಕವಾಗಿ ಕುಡಿಯುವ ದೇಶಗಳಲ್ಲಿ ಮೆಕ್ಸಿಕೋ ಒಂದು. ದಕ್ಷಿಣದ ಚಿಯಾಪಾಸ್ ಪ್ರಾಂತದಲ್ಲಿ ಸಾನ್ ಹುವಾನ್ ಚಾಮುಲಾ ಎಂಬ ಬೆಟ್ಟದೂರಿದೆ. ಅಲ್ಲಿ ತ್ಸೋತ್ಸಿಲ್ ಎಂಬ ಮೂಲನಿವಾಸಿಗಳ ಇಗರ್ಜಿಯ ನೆಲದ ಮೇಲೆ ಪೈನ್ ಮರದ ಸೂಜಿಯೆಲೆಗಳನ್ನು ಹರಡಿ, ಸಾಲುಸಾಲಾಗಿ ಮೇಣದ ಬತ್ತಿಗಳನ್ನು ಹಚ್ಚಿ, ಆ ಬೆಳಕಿನಲ್ಲಿ ಈ ಸೀಸೆಗಳನ್ನೂ ಪೂಜಾದ್ರವ್ಯವಾಗಿ ಇಡುತ್ತಾರೆ. ದೇವರ ಮುಂದೆ ಇಡುವಷ್ಟು ಪ್ರಿಯವಾದ ವಸ್ತುವನ್ನು ಮಕ್ಕಳಿಗೆ ಬೇಡವೆನ್ನುವುದು ಯಾವ ತಾಯಿಗೂ ಸುಲಭವಲ್ಲ.

೨೦೨೦ರ ಜನಗಣತಿಯಂತೆ ಮೆಕ್ಸಿಕೋದ ಜನಸಂಖ್ಯೆ ಸುಮಾರು ೧೨ ಕೋಟಿ ೬೦ ಲಕ್ಷ. ಅದರ ಹಿಂದಿನ ವರ್ಷ, ಎಂದರೆ ೨೦೧೯ರಲ್ಲಿ, ಮಧುಮೇಹದಿಂದ ಸತ್ತವರೆಂದು ಅಲ್ಲಿ ಬರೆಯಲ್ಪಟ್ಟವರು ೧ ಲಕ್ಷ ೪ ಸಾವಿರಕ್ಕೂ ಹೆಚ್ಚು.

ಇಲ್ಲಿಂದ ಶಾಂತಸಾಗರವನ್ನು ದಾಟಿ ಜಪಾನಿಗೆ ಹೋಗೋಣ. ಅದೇ ೨೦೨೦ರಲ್ಲಿ ಜಪಾನಿನಲ್ಲಿಯೂ ಜನಗಣತಿ ನಡೆಯಿತು. ಅಲ್ಲಿಯ ಜನಸಂಖ್ಯೆಯೂ ಸುಮಾರು ೧೨ ಕೋಟಿ ೬೦ ಲಕ್ಷವೇ. ಎರಡು ದೇಶಗಳನ್ನು ತಕ್ಕಡಿಯಲ್ಲಿ ಹಾಕಿ ತೂಗಿದಂತಿದೆ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ ೨೦೨೧ರ ಅಂದಾಜಿನಲ್ಲಿ ಮೆಕ್ಸಿಕೋದ ವಯಸ್ಕ ರೋಗಿಗಳು ೧ ಕೋಟಿ ೪೧ ಲಕ್ಷ, ಜಪಾನಿನವರು ೧ ಕೋಟಿ ೧೦ ಲಕ್ಷ. ಇಲ್ಲಿಯೂ ಬಹಳ ಅಂತರವಿಲ್ಲ. ಅಲ್ಲದೆ ಜಪಾನಿನಲ್ಲಿ ನೂರಕ್ಕೆ ೨೮ ಮಂದಿ ೬೫ ವರ್ಷ ದಾಟಿದವರು. ಮೆಕ್ಸಿಕೋದಲ್ಲಿ ನೂರಕ್ಕೆ ಎಂಟರಷ್ಟು ಮಾತ್ರ. ವೃದ್ಧರು ಹೆಚ್ಚಿರುವಲ್ಲಿ ಸಾವೂ ಹೆಚ್ಚಬೇಕಷ್ಟೆ? ಆದರೆ ೨೦೧೯ರಲ್ಲಿ ಜಪಾನಿನ ಪುಸ್ತಕದಲ್ಲಿ ಮಧುಮೇಹದ ಹೆಸರಿಗೆ ಬಿದ್ದ ಮರಣಗಳು ೧೪ ಸಾವಿರಕ್ಕೂ ತುಸು ಕಡಮೆ. ರೋಗಿಗಳ ಸಂಖ್ಯೆಯು ಹತ್ತಿರಹತ್ತಿರವಿರಲು, ಮರಣಗಳ ಸಂಖ್ಯೆಯು ಏಳು ಪಟ್ಟು ಬೇರೆ! ನಮ್ಮ ಊಹೆಯು ಇಲ್ಲಿಗೆ ಮುರಿದುಬಿತ್ತು.

ಲೆಕ್ಕವನ್ನು ಓದುವಾಗ ಒಂದು ಎಚ್ಚರವೂ ಬೇಕು. ಮಧುಮೇಹಿಯು ಸಾಯುವುದು ಅನೇಕ ವೇಳೆ ಹೃದಯದ ಆಘಾತದಿಂದ, ಇಲ್ಲವೆ ಮೂತ್ರಪಿಂಡಗಳು ಕೆಟ್ಟು. ಮರಣಪತ್ರದಲ್ಲಿ ಒಬ್ಬ ವೈದ್ಯನು ಹೃದಯವೆಂದು ಬರೆದಾನು, ಇನ್ನೊಬ್ಬನು ಮಧುಮೇಹವೆಂದು ಬರೆದಾನು. ಆದಕಾರಣ ಈ ಏಳು ಪಟ್ಟಿನಲ್ಲಿ ಲೇಖನಿಯ ಪಾಲೂ ಉಂಟು. ಆದರೆ ಎಲ್ಲವೂ ಲೇಖನಿಯದಲ್ಲ. ಮೆಕ್ಸಿಕೋ ನಗರದಲ್ಲಿ ಒಂದೂವರೆ ಲಕ್ಷ ಜನರನ್ನು ಹಲವು ವರ್ಷ ಅನುಸರಿಸಿ ನೋಡಿ, ಯಾವ ಕಾರಣದಿಂದ ಸತ್ತರೂ ಸಾವೆಂದೇ ಎಣಿಸಿದ ಅಧ್ಯಯನವೊಂದು ೨೦೧೬ರಲ್ಲಿ ಪ್ರಕಟವಾಯಿತು. ಅದರಲ್ಲಿ ನಡುವಯಸ್ಸಿನ ಮಧುಮೇಹಿಗಳು ಇತರರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಸಾಯುತ್ತಿದ್ದರೆಂದು ತಿಳಿದುಬಂದಿತು. ಧನಿಕ ದೇಶಗಳಲ್ಲಿ ಇದು ಎರಡು ಪಟ್ಟನ್ನು ಮುಟ್ಟುವುದಿಲ್ಲ. ಮೆಕ್ಸಿಕೋದ ರೋಗಿಗಳಲ್ಲಿ ಅನೇಕರ ರಕ್ತದ ಸಕ್ಕರೆಯು ಹತೋಟಿಗೆ ಬಂದಿರಲೇ ಇಲ್ಲ.

ಹಾಗಾದರೆ ಜಪಾನಿನಲ್ಲಿರುವ ವಿಶೇಷವೇನು? ಅವರೂ ನಮ್ಮಂತೆ ಬಿಳಿಯ ಅನ್ನವನ್ನೇ ಉಣ್ಣುವವರು. ಆದರೆ ಬಟ್ಟಲು ಚಿಕ್ಕದು. ಜೊತೆಗೆ ಮೀನು, ಸೋಯಾ, ಸೊಪ್ಪು, ತರಕಾರಿ. ಮೆಕ್ಸಿಕೋದ ವಯಸ್ಕರಲ್ಲಿ ಮೂವರಲ್ಲೊಬ್ಬರು ಅತಿಸ್ಥೂಲರಾಗಿರುವಲ್ಲಿ ಜಪಾನಿನಲ್ಲಿ ನೂರಕ್ಕೆ ನಾಲ್ಕೈದು ಮಂದಿ ಹಾಗಿರುವರು. ಅಲ್ಲಿ ೧೯೬೧ರಿಂದ ಸರ್ವರಿಗೂ ಆರೋಗ್ಯವಿಮೆಯುಂಟು. ೨೦೦೮ರಿಂದ ೪೦ರಿಂದ ೭೪ ವರ್ಷದವರೆಗಿನ ವಿಮಾದಾರರಿಗೆಲ್ಲ ವರ್ಷಕ್ಕೊಮ್ಮೆ ತಪಾಸಣೆಯ ಏರ್ಪಾಡಿದೆ. ಸೊಂಟದ ಸುತ್ತಳತೆ ಗಂಡಸರಿಗೆ ೮೫, ಹೆಂಗಸರಿಗೆ ೯೦ ಸೆಂಟಿಮೀಟರು ಮುಟ್ಟಿದರೆ ಸಾಕು, ಎಚ್ಚರಿಕೆ ಹೇಳುವರು. ಉಪಾಧ್ಯಾಯರಾದ ನಮಗೆ ಎಲ್ಲಕ್ಕಿಂತ ಮೆಚ್ಚಿಗೆಯಾದುದು ಅಲ್ಲಿಯ ಪಾಠಶಾಲೆಯ ಊಟ. ೧೯೫೪ರಲ್ಲಿಯೇ ಇದಕ್ಕೊಂದು ಶಾಸನವಾಯಿತು. ಮಕ್ಕಳೇ ಸರದಿಯ ಮೇಲೆ ಬಡಿಸಿ, ಗುರುಗಳೊಡನೆ ತರಗತಿಯಲ್ಲಿಯೇ ಉಣ್ಣುವರು. ಉಣ್ಣುವುದೂ ಅಲ್ಲಿ ಕಲಿಯತಕ್ಕ ವಿದ್ಯೆ.

ಇದೆಲ್ಲ ಆ ಜನರ ರಕ್ತದ ಗುಣವೆಂದು ಯಾರಾದರೂ ಹೇಳಿಯಾರು. ಅವರಿಗೆ ಜಪಾನಿನ ದಕ್ಷಿಣದ ಓಕಿನಾವಾ ದ್ವೀಪಗಳೇ ಉತ್ತರ. ದೀರ್ಘಾಯುಸ್ಸಿಗೆ ಲೋಕಪ್ರಸಿದ್ಧವಾಗಿದ್ದ ಈ ದ್ವೀಪಗಳು ೧೯೪೫ರಿಂದ ೧೯೭೨ರವರೆಗೆ ಅಮೆರಿಕೆಯ ಆಡಳಿತದಲ್ಲಿದ್ದುವು. ಗೆಣಸಿನ ಊಟವು ಹೋಗಿ ಡಬ್ಬಿಯ ಮಾಂಸವೂ ಕರಿದ ತಿಂಡಿಯೂ ಬಂದುವು, ನಡಿಗೆ ಹೋಗಿ ಮೋಟಾರು ಬಂತು. ೨೦೦೦ದ ಲೆಕ್ಕದಲ್ಲಿ ಓಕಿನಾವಾದ ಪುರುಷರ ಆಯುಸ್ಸು ಜಪಾನಿನ ೪೭ ಪ್ರಾಂತಗಳಲ್ಲಿ ೨೬ನೆಯ ಸ್ಥಾನಕ್ಕೆ ಇಳಿಯಿತು. ರಕ್ತವು ಅದೇ, ಬದಲಾದುದು ಊಟವೂ ನಡಿಗೆಯೂ.

ಇನ್ನು ಶಾಂತಸಾಗರದ ನಡುವಿನ ಕಿರುದ್ವೀಪಗಳಿಗೆ ಇಳಿಯೋಣ. ಮಧುಮೇಹದ ಮರಣವು ಲೋಕದಲ್ಲಿ ಅತ್ಯಧಿಕವಾಗಿರುವ ನಾಡುಗಳಲ್ಲಿ ಕೆಲವು ಇಲ್ಲಿಯೇ ಇವೆ. ನೌರು ದ್ವೀಪದ ವಿಸ್ತಾರ ೨೧ ಚದರ ಕಿಲೋಮೀಟರು ಮಾತ್ರ. ೧೯೦೭ರಿಂದ ಅದರ ಹೊಟ್ಟೆಯನ್ನು ಬಗೆದು ಗೊಬ್ಬರದ ರಂಜಕಶಿಲೆಯನ್ನು ಹೊರದೇಶಗಳಿಗೆ ಸಾಗಿಸಿದರು. ೧೯೬೮ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಆ ಹಣವು ದ್ವೀಪದವರಿಗೇ ಬಂದಿತು. ಮೀನುಗಾರಿಕೆಯೂ ತೆಂಗಿನ ತೋಟವೂ ಹಿಂದೆ ಬಿದ್ದುವು. ಅಕ್ಕಿ, ಸಕ್ಕರೆ, ಡಬ್ಬಿಯ ಮಾಂಸ ಹಡಗಿನಿಂದ ಇಳಿದುವು. ೧೯೭೫ರ ಸುಮಾರಿನಲ್ಲಿ ವೈದ್ಯರು ಪರೀಕ್ಷಿಸಿದಾಗ ವಯಸ್ಕರಲ್ಲಿ ಮೂವರಲ್ಲೊಬ್ಬರಷ್ಟು ಮಂದಿ ಮಧುಮೇಹಿಗಳಾಗಿದ್ದರು.

ನೌರುವಿನಿಂದ ದಕ್ಷಿಣಕ್ಕೆ ಫಿಜಿ. ಈ ದ್ವೀಪಗಳ ಕಥೆಯಲ್ಲಿ ನಮ್ಮವರೂ ಇದ್ದಾರೆ. ೧೮೭೯ರಿಂದ ೧೯೧೬ರವರೆಗೆ ಅರುವತ್ತು ಸಾವಿರಕ್ಕೂ ಮಿಕ್ಕ ಭಾರತೀಯರನ್ನು ಗಿರ್ಮಿಟ್ ಎಂಬ ಕರಾರಿನ ಮೇಲೆ ಅಲ್ಲಿಗೆ ಸಾಗಿಸಿದರು. ೧೯೦೩ರಿಂದ ಮದರಾಸಿನ ಬಂದರಿನಿಂದಲೂ ಹಡಗುಗಳು ಹೊರಟುವು. ಕಬ್ಬನ್ನು ಬೆಳೆದು ಲೋಕಕ್ಕೆ ಸಕ್ಕರೆಯನ್ನು ಕೊಡಲು ಹೋದವರ ಸಂತತಿಯನ್ನು ಇಂದು ಸಕ್ಕರೆಯ ರೋಗವೇ ಪೀಡಿಸುತ್ತಿದೆ. ಅಲ್ಲಿಯ ಮೂಲನಿವಾಸಿಗಳನ್ನೂ ಬಿಟ್ಟಿಲ್ಲ. ಫಿಜಿಯ ಆಸ್ಪತ್ರೆಗಳಲ್ಲಿ ಮಧುಮೇಹಿಗಳ ಕಾಲನ್ನು ಕತ್ತರಿಸುವ ಶಸ್ತ್ರಕ್ರಿಯೆ ಅಪರೂಪವಲ್ಲ. ಪಾದದ ನರಗಳು ಮಂಕಾಗಿ ನೋವು ತಿಳಿಯುವುದಿಲ್ಲ. ಮುಳ್ಳು ಚುಚ್ಚಿದರೂ ಅರಿವಾಗದು. ಹುಣ್ಣು ಕೊಳೆತ ಮೇಲೆ ವೈದ್ಯನ ಬಳಿಗೆ ಬರುವರು.

ಇದನ್ನು ಓದುವಾಗ ನಮಗೆ ಫಿಜಿಯವರೆಗೆ ಹೋಗಬೇಕಾಗಿಲ್ಲವೆಂದು ತೋರಿತು. ನಮ್ಮೊಡನೆ ಗಣಿತವನ್ನು ಹೇಳುತ್ತಿದ್ದ ಉಪಾಧ್ಯಾಯರೊಬ್ಬರಿಗೆ ಹೊಸ ಚಪ್ಪಲಿ ಕಚ್ಚಿ ಹೆಬ್ಬೆರಳಿನಲ್ಲಿ ಹುಣ್ಣಾಯಿತು. ನೋವಿರಲಿಲ್ಲ, ನೋವಿಲ್ಲದ್ದರಿಂದ ಅವರು ಲಕ್ಷ್ಯ ಮಾಡಲಿಲ್ಲ. ಮೂರು ತಿಂಗಳಲ್ಲಿ ಬೆರಳು ಹೋಯಿತು, ಬಳಿಕ ಪಾದ ಹೋಯಿತು, ಐವತ್ತನಾಲ್ಕನೆಯ ವಯಸ್ಸಿನಲ್ಲಿ ಅವರೇ ಹೋದರು. ಅವರ ಅಕ್ಕನವರಿಗೂ ಅದೇ ರೋಗ. ಸೊಸೆಯು ರಾತ್ರಿ ಮಲಗುವ ಮುನ್ನ ಅತ್ತೆಯ ಪಾದಗಳನ್ನು ದೀಪ ಹಿಡಿದು ನೋಡುತ್ತಾಳೆ. ಬೆರಳ ಸಂದುಗಳನ್ನು ಒರೆಸುತ್ತಾಳೆ. ಮಾತ್ರೆಯ ಹೊತ್ತು ತಪ್ಪಿಸುವುದಿಲ್ಲ. ಎಂಬತ್ತು ದಾಟಿದ ಆಕೆ ಈಗಲೂ ತುಳಸಿಗೆ ನೀರೆರೆಯುತ್ತಾರೆ. ಮೆಕ್ಸಿಕೋ ಜಪಾನುಗಳ ನಡುವಣ ಅಂತರವು ಒಂದೇ ಕುಟುಂಬದೊಳಗೂ ಇರಬಹುದೆಂದು ನಾವು ಹೀಗೆ ಕಂಡುಕೊಂಡೆವು.

ಇಷ್ಟು ಹೊತ್ತು ಎರಡನೆಯ ಬಗೆಯನ್ನು ಕುರಿತು ಹೇಳಿದೆವು. ಮೊದಲನೆಯ ಬಗೆಯಲ್ಲಿ ದೇಶದೇಶಗಳ ಅಂತರವು ಇನ್ನೂ ಕ್ರೂರವಾದುದು. ಒಂದು ಕಾಲದಲ್ಲಿ ಈ ರೋಗ ಬಂದ ಮಗುವು ಯಾವ ದೇಶದಲ್ಲಿದ್ದರೂ ಒಂದೆರಡು ವರ್ಷಗಳಲ್ಲಿ ಬಡಕಲಾಗಿ ಸಾಯುತ್ತಿತ್ತು. ಕೆನಡಾ ದೇಶದ ಟೊರಾಂಟೊ ನಗರದಲ್ಲಿ ೧೯೨೧ರ ಬೇಸಿಗೆಯಲ್ಲಿ ಬ್ಯಾಂಟಿಂಗ್, ಬೆಸ್ಟ್ ಎಂಬವರು ಇನ್ಸುಲಿನ್ನನ್ನು ಬೇರ್ಪಡಿಸುವ ಕಾರ್ಯವನ್ನು ಆರಂಭಿಸಿದರು. ೧೯೨೨ರ ಜನವರಿಯಲ್ಲಿ ಲೆನರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಬಾಲಕನಿಗೆ ಅದನ್ನು ಚುಚ್ಚಿದರು. ಮರಣಶಯ್ಯೆಯಲ್ಲಿದ್ದ ಅವನು ಮತ್ತೆ ಹದಿಮೂರು ವರ್ಷ ಬದುಕಿದನು. ಸಂಶೋಧಕರು ಅದರ ಹಕ್ಕನ್ನು ೧೯೨೩ರಲ್ಲಿ ವಿಶ್ವವಿದ್ಯಾಲಯಕ್ಕೆ ತಲೆಗೆ ಒಂದೊಂದು ಡಾಲರಿಗೆ ಒಪ್ಪಿಸಿದರು. ಆ ಉದಾರದಾನಕ್ಕೆ ನೂರು ವರ್ಷ ಕಳೆದ ಮೇಲೂ ಆಫ್ರಿಕಾ ಖಂಡದ ಎಷ್ಟೋ ಹಳ್ಳಿಗಳಿಗೆ ಆ ಔಷಧವು ಸರಿಯಾಗಿ ತಲಪಿಲ್ಲ. ಬೆಲೆ ಹೆಚ್ಚು, ಆಸ್ಪತ್ರೆ ದೂರ, ತಂಪಾಗಿಡುವ ಪೆಟ್ಟಿಗೆಗೆ ವಿದ್ಯುತ್ತಿಲ್ಲ. ಒದ್ದೆ ಮಣ್ಣಿನ ಮಡಕೆಯಲ್ಲಿ ಔಷಧದ ಸೀಸೆಯನ್ನಿಟ್ಟು ಕಾಪಾಡುವ ತಾಯಂದಿರುಂಟು. ಔಷಧವೇ ಸಿಕ್ಕದ ಮಗುವಿಗೆ ಇಂದಿಗೂ ೧೯೨೧ನೆಯ ಇಸವಿಯೇ.

ನಮ್ಮ ದೇಶಕ್ಕೆ ಮರಳುವಾಗ ಹೆಮ್ಮೆಪಡುವಂತಹ ಲೆಕ್ಕವು ನಮ್ಮ ಕೈಯಲ್ಲಿಲ್ಲ. ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ಭಾರತದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಗೋವೆಯ ವಯಸ್ಕರಲ್ಲಿ ನೂರಕ್ಕೆ ೨೬, ಉತ್ತರಪ್ರದೇಶದಲ್ಲಿ ನೂರಕ್ಕೆ ಐದರಷ್ಟು. ಒಂದೇ ದೇಶದೊಳಗೆ ಹಲವು ದೇಶಗಳು! ಆದರೆ ಈ ಪ್ರದಕ್ಷಿಣೆಯಿಂದ ತಿಳಿದುಬಂದುದು ನಿರಾಶೆಗೆ ಕಾರಣವಲ್ಲ. ರೋಗವು ಬರುವುದು ಸ್ವಲ್ಪಮಟ್ಟಿಗೆ ವಂಶದ ಕೈಯಲ್ಲಿದೆ; ರೋಗ ಬಂದವನು ಎಷ್ಟು ಕಾಲ ಬಾಳುವನೆಂಬುದು ಬಹುಮಟ್ಟಿಗೆ ಊಟದ ಎಲೆಯ ಮೇಲೆ, ಸಕಾಲದ ಪರೀಕ್ಷೆಯ ಮೇಲೆ, ಔಷಧವು ಕೈಗೆಟುಕುವುದರ ಮೇಲೆ ನಿಂತಿದೆ. ಮೆಕ್ಸಿಕೋ ಸರ್ಕಾರವೂ ಸುಮ್ಮನೆ ಕುಳಿತಿಲ್ಲ. ೨೦೧೪ರಲ್ಲಿ ಸಿಹಿ ಪಾನೀಯಗಳಿಗೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತು. ಮೊದಲ ವರ್ಷದಲ್ಲಿಯೇ ಅವುಗಳ ಕೊಳ್ಳುವಿಕೆ ನೂರಕ್ಕೆ ಆರರಷ್ಟು ಇಳಿಯಿತು. ಔಷಧವನ್ನು ಅಗ್ಗವಾಗಿ ಒದಗಿಸುವುದೂ, ಹಳ್ಳಿಹಳ್ಳಿಗೆ ಪರೀಕ್ಷೆಯನ್ನು ಕೊಂಡೊಯ್ಯುವುದೂ ಸರ್ಕಾರದ ಕೆಲಸ. ಮಿಕ್ಕುದು ಗೃಹಸ್ಥರ ಕೆಲಸ: ನಲವತ್ತು ದಾಟಿದವರ ರಕ್ತವನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿಸುವುದು, ಮಕ್ಕಳ ಕೈಗೆ ಸೀಸೆಯ ಬದಲು ಮಜ್ಜಿಗೆಯನ್ನು ಕೊಡುವುದು, ರೋಗಿಯ ಪಾದಗಳನ್ನು ದಿನಕ್ಕೊಮ್ಮೆ ನೋಡುವುದು, ವೈದ್ಯನು ಹೇಳಿದ ಔಷಧವನ್ನು ನಡುವೆ ಬಿಡದಿರುವುದು.

ಸುಶ್ರುತರು ಬಡ ಪ್ರಮೇಹಿಗೆ ಒಂದು ವಿಚಿತ್ರವಾದ ಚಿಕಿತ್ಸೆಯನ್ನು ವಿಧಿಸಿದ್ದಾರೆ. ಕೊಡೆಯಿಲ್ಲದೆ, ಪಾದರಕ್ಷೆಯಿಲ್ಲದೆ, ಭಿಕ್ಷಾನ್ನವನ್ನುಂಡು, ಒಂದೂರಿನಲ್ಲಿ ಒಂದೇ ರಾತ್ರಿ ತಂಗಿ, ನೂರು ಯೋಜನ ನಡೆಯಬೇಕಂತೆ. ಇಲ್ಲವೆ ಬಾವಿಯನ್ನು ತೋಡಬೇಕಂತೆ. ಇಂದಿನ ವೈದ್ಯರು ನಡಿಗೆಯನ್ನು ಒಪ್ಪುವರು, ಬರಿಗಾಲನ್ನು ಒಪ್ಪರು. ಆದುದರಿಂದ ವಾಚಕರು ಮೆತ್ತನೆಯ ಪಾದರಕ್ಷೆಯನ್ನು ಮೆಟ್ಟಿಕೊಂಡು, ತಮ್ಮ ಊರಿನ ಕೆರೆಯ ಏರಿಯ ಮೇಲೆ ದಿನಕ್ಕೆ ಅರ್ಧ ಗಂಟೆ ನಡೆದರೆ ಸಾಕು. ನೂರು ಯೋಜನವು ತಾನಾಗಿಯೇ ತುಂಬುವುದು.