ಜೊಲ್ಲುಗ್ರಂಥಿಯಲ್ಲಿ ಹಸಿರು ಬೆಳಕು

ಹಣ್ಣುನೊಣದ ಮರಿಹುಳು ಮೇಯುವುದನ್ನು ಬಿಟ್ಟು ಬಾಟಲಿಯ ಗೋಡೆ ಹತ್ತತೊಡಗಿತೆಂದರೆ ಅದು ಹದಕ್ಕೆ ಬಂದಿದೆ ಎಂದೇ ಅರ್ಥ. ತಡಮಾಡಿದರೆ ಪ್ಯೂಪಾ ಆಗಿ ಕೂರುತ್ತದೆ. ಅದನ್ನು ಒಂದು ಹನಿ ಉಪ್ಪುನೀರಿಗೆ ಬಿಟ್ಟು, ಒಂದು ಚಿಮಟದಲ್ಲಿ ಮೈಯ ನಡುವನ್ನು ಹಿಡಿದು, ಇನ್ನೊಂದರಲ್ಲಿ ಬಾಯಿಯ ಕಪ್ಪು ಕೊಕ್ಕೆಯನ್ನು ಮೆಲ್ಲಗೆ ಎಳೆಯಬೇಕು. ಕರುಳಿನ ಜೊತೆಗೆ ಎರಡು ಜೊಲ್ಲುಗ್ರಂಥಿಗಳು ಜಾರಿ ಬರುತ್ತವೆ. ತಿಳಿಯಾದ ಗ್ರಂಥಿ, ಅದರ ಬದಿಗೆ ಅಂಟಿದ ಬಿಳಿ ಕೊಬ್ಬು. ಕೊಬ್ಬನ್ನು ಬಿಡಿಸಿದಾಗ ಒಂದೊಂದು ಜೀವಕೋಶವೂ ಬೇರೆಬೇರೆಯಾಗಿ ಕಾಣುತ್ತದೆ. ಇಷ್ಟು ಮಾಡುವಾಗ ನನಗೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ.

ಈ ಕೆಲಸ ನನಗೆ ಹತ್ತಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. ಪ್ರೊ. ಎಂ. ಆರ್. ರಾಜಶೇಖರಶೆಟ್ಟರು ಅಲ್ಲಿ ತಳಿವಿಜ್ಞಾನಕ್ಕೆ ನೆಲೆ ಹಾಕಿಕೊಟ್ಟವರು. ಡ್ರೊಸೊಫಿಲಾ ನೊಣಗಳ ತಳಿಗಳನ್ನು ಸಾಕಿ ಕಾಪಾಡುವ ಕೇಂದ್ರವೂ ಅಲ್ಲಿದೆ. ನೊಣದ ಮೇವನ್ನು ನಾವೇ ಬೇಯಿಸುತ್ತಿದ್ದೆವು: ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ಸಣ್ಣರವೆ, 10 ಗ್ರಾಂ ಅಗರ್, ಬೂಷ್ಟು ಹಿಡಿಯದಂತೆ ಸ್ವಲ್ಪ ಪ್ರೊಪಿಯೋನಿಕ್ ಆಮ್ಲ. ಕಾರಿಡಾರಿನ ತುಂಬ ಬೆಲ್ಲದ ಪರಿಮಳ.

ರಜೆಗೆ ಊರಿಗೆ ಬಂದರೂ ಚಟ ಬಿಡಲಿಲ್ಲ. ಭೀಮಸಮುದ್ರದ ನಮ್ಮ ಅಡಿಕೆ ತೋಟದಲ್ಲಿ ನಡುನಡುವೆ ಬಾಳೆಯಿದೆ. ಕಳಿತ ಬಾಳೆಹಣ್ಣನ್ನು ಬಾಟಲಿಗೆ ಹಾಕಿ ನೆರಳಲ್ಲಿ ಕಟ್ಟಿದರೆ ಮಾರನೆಯ ದಿನ ಬೆಳಿಗ್ಗೆ ನೊಣಗಳು ಸಿಗುತ್ತವೆ. ಹಜಾರದ ಮೂಲೆಯಲ್ಲಿ ಹಳೆಯ ಮೈಕ್ರೋಸ್ಕೋಪಿಟ್ಟು ಕೂತಿದ್ದರೆ ದೊಡ್ಡಪ್ಪ ಬಂದು ಬಗ್ಗಿ ನೋಡುವರು. “ಏನವ್ವಾ, ಅಷ್ಟು ಸಣ್ಣ ಹುಳದಾಗೆ ಏನ್ ಕಾಣ್ತೈತೆ ನಿಂಗೆ?” ಅವರಿಗೆ ಜಾಗ ಬಿಟ್ಟುಕೊಟ್ಟೆ. ರಾಶಿ, ಬೆಟ್ಟೆ ಎಂದು ನೋಡಿದೊಡನೆ ಅಡಿಕೆಯ ದರ್ಜೆ ಹೇಳುವ ಕಣ್ಣು ಅವರದು. ತುಂಬ ಹೊತ್ತು ಕಣ್ಣು ತೆಗೆಯಲಿಲ್ಲ. “ಪಟ್ಟೆ ಪಟ್ಟೆ ಐತಲ್ಲವ್ವಾ!” ಅಂದರು.

ಹೌದು, ಪಟ್ಟೆ. ಜೊಲ್ಲುಗ್ರಂಥಿಯ ಕೋಶ ವಿಭಜನೆಯಾಗದೆ ತನ್ನ ಡಿಎನ್‌ಎಯನ್ನು ಮಾತ್ರ ಮತ್ತೆ ಮತ್ತೆ ಇಮ್ಮಡಿಸಿಕೊಳ್ಳುತ್ತದೆ. ಸಾವಿರದಷ್ಟು ಎಳೆಗಳು ಒತ್ತಾಗಿ ಸೇರಿ ಕ್ರೋಮೋಸೋಮು ದಪ್ಪವಾಗುತ್ತದೆ, ಅಡ್ಡಪಟ್ಟೆಗಳು ಎದ್ದು ಕಾಣುತ್ತವೆ. ಬಾಲ್ಬಿಯಾನಿ 1881ರಲ್ಲೇ ಬೇರೊಂದು ಕೀಟದಲ್ಲಿ ಇದನ್ನು ಕಂಡಿದ್ದ. ಹಣ್ಣುನೊಣದಲ್ಲಿ ಇದರ ಬೆಲೆ ತಿಳಿದು ನಕ್ಷೆ ಬರೆದದ್ದು ಪೇಂಟರ್, 1933ರಲ್ಲಿ. ಆರ್ಸಿನ್ ಬಣ್ಣ ಹಾಕಿದರೆ ಊರಿನ ಹಜಾರದಲ್ಲೂ ಇಷ್ಟು ನೋಡಬಹುದು.

ಆದರೆ ಆರ್ಸಿನ್ ಎಲ್ಲಕ್ಕೂ ಒಂದೇ ಬಣ್ಣ ಬಳಿಯುತ್ತದೆ. ಯಾವ ಪ್ರೋಟೀನು ಎಲ್ಲಿ ಕೂತಿದೆ ಎಂದು ಕೇಳಬೇಕಾದರೆ ಆಂಟಿಬಾಡಿ ಬೇಕು. ನನಗೆ ಅಚ್ಚುಮೆಚ್ಚಿನದು ಸಿ1ಎ9. ಅದು ಹಿಡಿಯುವುದು ಎಚ್‌ಪಿ1 ಎಂಬ, ಜೀನುಗಳನ್ನು ಅದುಮಿಡುವ ಪ್ರೋಟೀನನ್ನು.

ಇದರ ಕಥೆ ಹಿಂದಿನದು. 1928ರಲ್ಲಿ ಹೈಟ್ಸ್ ಎಂಬಾತ, ಕ್ರೋಮೋಸೋಮಿನ ಕೆಲವು ಭಾಗಗಳು ಸದಾ ಬಿಗಿದುಕೊಂಡೇ ಇರುತ್ತವೆ ಎಂದು ಗುರುತಿಸಿ ಹೆಟೆರೋಕ್ರೊಮಾಟಿನ್ ಎಂದು ಕರೆದ. 1930ರಲ್ಲಿ ಮುಲ್ಲರ್, ಎಕ್ಸ್‌ಕಿರಣ ಹಾಯಿಸಿದ ನೊಣಗಳಲ್ಲಿ ಕೆಂಪು-ಬಿಳಿ ಮಚ್ಚೆಯ ಕಣ್ಣನ್ನು ಕಂಡ. ಕಣ್ಣಿಗೆ ಕೆಂಪು ಕೊಡುವ ಜೀನು ಕೆಟ್ಟಿರಲಿಲ್ಲ. ಜಾಗ ಬದಲಾಗಿ ಆ ಬಿಗಿದ ಭಾಗದ ಪಕ್ಕಕ್ಕೆ ಬಂದು ಬಿದ್ದಿತ್ತು, ಹಾಗಾಗಿ ಕೆಲವು ಕೋಶಗಳಲ್ಲಿ ಅದುಮಿಹೋಗಿತ್ತು. ಅದುಮುವವರು ಯಾರು? ಐವತ್ತಕ್ಕೂ ಹೆಚ್ಚು ವರ್ಷ ಅದು ತಿಳಿಯಲಿಲ್ಲ. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸಾರಾ ಎಲ್ಗಿನ್ ಮತ್ತು ಜೇಮ್ಸ್ ನೊಣದ ಕೋಶಕೇಂದ್ರದ ಪ್ರೋಟೀನುಗಳನ್ನು ಇಲಿಗೆ ಚುಚ್ಚಿ, ಬಂದ ಆಂಟಿಬಾಡಿಗಳನ್ನು ಇದೇ ಜೊಲ್ಲುಗ್ರಂಥಿಯ ಕ್ರೋಮೋಸೋಮುಗಳ ಮೇಲೆ ಹಾಕಿ ನೋಡಿದರು. ಅವುಗಳಲ್ಲಿ ಸಿ1ಎ9 ಹೋಗಿ ಕೂತದ್ದು ಹೆಟೆರೋಕ್ರೊಮಾಟಿನ್ ಮೇಲೆ. 1986ರಲ್ಲಿ ಇದನ್ನು ಪ್ರಕಟಿಸಿದರು. ಅಂದರೆ ಮೊದಲು ಆಂಟಿಬಾಡಿ ಸಿಕ್ಕಿತು, ಅದರ ಬೆನ್ನು ಹಿಡಿದು ಪ್ರೋಟೀನು ಸಿಕ್ಕಿತು. 1990ರಲ್ಲಿ ಮಚ್ಚೆಗಣ್ಣಿಗೆ ಕೆಂಪು ಮರಳಿಸುವ ಒಂದು ಮ್ಯುಟೇಶನ್ ಈ ಪ್ರೋಟೀನಿನ ಜೀನಿನಲ್ಲೇ ಇದೆ ಎಂದು ಗೊತ್ತಾಯಿತು. ಎಚ್‌ಪಿ1 ಕಡಿಮೆಯಾದರೆ ಅದುಮು ಸಡಿಲವಾಗುತ್ತದೆ. ಜೀವವಿಜ್ಞಾನದಲ್ಲಿ ಇದಕ್ಕಿಂತ ಚೆಂದದ ಪತ್ತೇದಾರಿಕೆ ನನಗೆ ಗೊತ್ತಿಲ್ಲ.

ಈಗ ಬೆಂಗಳೂರಿನ ಲ್ಯಾಬಿನಲ್ಲಿ ನಾನು ಮಾಡುವುದೂ ಅದನ್ನೇ. ಗ್ರಂಥಿಯನ್ನು ಫಾರ್ಮಾಲ್ಡಿಹೈಡ್, ಅಸಿಟಿಕ್ ಆಮ್ಲದಲ್ಲಿ ಅದ್ದಿ, ಕವರ್‌ಸ್ಲಿಪ್ ಹೊದಿಸಿ, ಮೆಲ್ಲಗೆ ತಟ್ಟಿ, ಹೆಬ್ಬೆರಳಿನಿಂದ ಒತ್ತುವುದು. ಈ ಒತ್ತುವುದರಲ್ಲೇ ಇರುವುದು ಎಲ್ಲ. ಕಡಿಮೆಯಾದರೆ ತೋಳುಗಳು ಬಿಡಿಸಿಕೊಳ್ಳುವುದಿಲ್ಲ, ಹೆಚ್ಚಾದರೆ ಹರಿಯುತ್ತವೆ. ಅಡಿಕೆ ಬೇಯಿಸುವ ಹಂಡೆಯ ಮುಂದೆ ನಿಂತವರು ಗಡಿಯಾರ ನೋಡದೆ ಹದ ಹೇಳುವಂತೆ, ಇದನ್ನೂ ಬೆರಳೇ ಹೇಳಬೇಕು. ಆಮೇಲೆ ದ್ರವ ಸಾರಜನಕದಲ್ಲಿ ಮುಳುಗಿಸಿ, ಬ್ಲೇಡಿನ ತುದಿಯಿಂದ ಕವರ್‌ಸ್ಲಿಪ್ಪನ್ನು ಚಟ್ಟನೆ ಹಾರಿಸುವುದು. ರಾತ್ರಿಯಿಡೀ 4 ಡಿಗ್ರಿ ತಂಪಿನಲ್ಲಿ, ಒದ್ದೆ ಡಬ್ಬಿಯೊಳಗೆ, ಸ್ಲೈಡಿನ ಮೇಲೆ ಸಿ1ಎ9. ಬೆಳಿಗ್ಗೆ ತೊಳೆದು, ಇಲಿಯ ಆಂಟಿಬಾಡಿಯನ್ನು ಹಿಡಿಯುವ, ಹಸಿರು ಹೊಳೆಯುವ ಎರಡನೇ ಆಂಟಿಬಾಡಿ. ಡಿಎನ್‌ಎಗೆ ನೀಲಿ.

ಕತ್ತಲೆ ಕೋಣೆಯಲ್ಲಿ ಕಣ್ಣಿಟ್ಟಾಗ ನೀಲಿ ಪಟ್ಟೆಗಳ ಐದು ಉದ್ದ ತೋಳುಗಳು ಒಂದು ನಡುವಿನಿಂದ ಹರಡಿಕೊಂಡಿರುತ್ತವೆ. ಆ ನಡುವಷ್ಟೇ ಹಸಿರಾಗಿ ಉರಿಯುತ್ತಿರುತ್ತದೆ. ಪಕ್ಕದ ಪುಟ್ಟ ನಾಲ್ಕನೇ ಕ್ರೋಮೋಸೋಮಿನ ಮೇಲೆ ಹಸಿರು ಗೆರೆಗಳು, ತೋಳುಗಳ ತುದಿಯಲ್ಲಿ ಒಂದೊಂದು ಚುಕ್ಕಿ. ಉಳಿದ ಉದ್ದಕ್ಕೆಲ್ಲ ಬಹುಮಟ್ಟಿಗೆ ನೀಲಿಯೇ. ಎಷ್ಟು ಸಲ ಕಂಡರೂ ಮೈ ಜುಮ್ಮೆನ್ನುತ್ತದೆ.

ಆಂಟಿಬಾಡಿಯನ್ನು ಕಣ್ಣು ಮುಚ್ಚಿ ನಂಬಬಾರದು. ಮೊದಲ ಆಂಟಿಬಾಡಿ ಹಾಕದ ಒಂದು ಸ್ಲೈಡು ಜೊತೆಗೆ ಇರಲೇಬೇಕು. ಅದು ಕತ್ತಲಾಗಿ ಉಳಿದರೆ ಮಾತ್ರ ಈ ಹಸಿರಿಗೆ ಬೆಲೆ. ಸಿ1ಎ9ರ ಒಂದು ದೊಡ್ಡ ಗುಣವೆಂದರೆ ಅದು ಒಂದೇ ಕೋಶವಂಶದಿಂದ ಬಂದದ್ದು. 1975ರಲ್ಲಿ ಕೋಹ್ಲರ್, ಮಿಲ್‌ಸ್ಟೀನ್ ತೋರಿಸಿಕೊಟ್ಟ ವಿಧಾನ ಅದು. ಆ ಕೋಶವಂಶವನ್ನು ಅಯೋವಾ ವಿಶ್ವವಿದ್ಯಾಲಯದ ಹೈಬ್ರಿಡೋಮಾ ಬ್ಯಾಂಕು ಕಾಪಾಡಿಕೊಂಡು ಬಂದಿದೆ. ಬೇಕೆಂದ ಲ್ಯಾಬಿಗೆ ಅಲ್ಲಿಂದ ಆಂಟಿಬಾಡಿ ಕಳಿಸುತ್ತಾರೆ.

ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗದ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಆಂಟಿಬಾಡಿ, ಹಸಿರು ಬೆಳಕಿನ ಮೈಕ್ರೋಸ್ಕೋಪು ಸದ್ಯಕ್ಕೆ ಇಲ್ಲದಿದ್ದರೂ ಆದೀತು. ಕಳಿತ ಬಾಳೆಹಣ್ಣು, ರವೆ-ಬೆಲ್ಲದ ಮೇವು, ಒಂದಿಷ್ಟು ಆರ್ಸಿನ್ ಇದ್ದರೆ ಸಾಕು. ಪುಸ್ತಕದ ಚಿತ್ರ ತೋರಿಸಿ ಮುಗಿಸಬೇಡಿ. ಮಕ್ಕಳ ಕೈಗೇ ಚಿಮಟ ಕೊಡಿ.