ನೀರು ಕುಡಿಯೋ ಜೀಪು

1/5
ಫೋಟೋದಲ್ಲಿರೋ ಕೈ ನಮ್ಮಪ್ಪಂದು. ಮೊಣಕೈ ಕೆಳಗಿನ ಕಲೆ ನೋಡಿ. ಕಾಮಸಮುದ್ರದ ಏರಲ್ಲಿ ಜೀಪು ಹೀಟಾಗಿ ನಿಂತಾಗ, ಆರೋ ತನಕ ಕಾಯದೆ ರೇಡಿಯೇಟರ್ ಕ್ಯಾಪ್ ತಿರುಗಿಸಿದ್ದಕ್ಕೆ ಬಂದಿದ್ದು.

ಮುಚ್ಚಿದ ರೇಡಿಯೇಟರಲ್ಲಿ ಪ್ರೆಶರ್ ಇರುತ್ತೆ. ಅದಕ್ಕೇ ನೀರು 100 ಡಿಗ್ರಿ ದಾಟಿದ್ರೂ ಕುದಿಯಲ್ಲ. ಕ್ಯಾಪ್ ತೆಗೆದ ಕ್ಷಣ ಪ್ರೆಶರ್ ಹೋಗಿ ಎಲ್ಲಾ ಒಟ್ಟಿಗೆ ಕುದ್ದು ಮೇಲಕ್ಕೆ ಚಿಮ್ಮುತ್ತೆ. ಕುಕ್ಕರ್ ವಿಷಲ್ ಹೋಗೋಕೆ ಮುಂಚೆ ಮುಚ್ಚಳ ತೆಗೆದಂಗೆ. ಅವತ್ತು ಟೊಮೇಟೊ ಕ್ರೇಟ್ ಇಳಿಸೋದು ಲೇಟಾಗುತ್ತೆ ಅಂತ ಅಪ್ಪಂಗೆ ಅವಸರ.

2/5
2001ರ ಫೆಬ್ರವರಿ 28ಕ್ಕೆ ನಮ್ಮೂರ ಚಿನ್ನದ ಗಣಿ ಮುಚ್ತು. ತಾತ ಚಾಂಪಿಯನ್ ರೀಫ್ಸಲ್ಲಿ ಕೆಲ್ಸ ಮಾಡ್ತಿದ್ರು. ಮೂರು ಕಿಲೋಮೀಟರಿಗಿಂತ ಆಳ ಹೋದ ಗಣಿ ಅದು. ಕೆಳಗೆ ಬಂಡೆ ಎಷ್ಟು ಬಿಸಿ ಇರೋದು ಅಂತ ತಾತ ಈಗಲೂ ಹೇಳ್ತಾರೆ. ಕೆಲ್ಸ ಹೋದ್ಮೇಲೆ ಸ್ವಲ್ಪ ಕೈಲಿದ್ದ ದುಡ್ಡು, ಸ್ವಲ್ಪ ಸಾಲ ಸೇರಿಸಿ ಸೆಕೆಂಡ್ ಹ್ಯಾಂಡಲ್ಲಿ ಈ ಡೀಸೆಲ್ ಜೀಪು ತಗೊಂಡ್ರು. ಫೋರ್ ವೀಲ್ ಡ್ರೈವ್. ಮಳೆಗಾಲದಲ್ಲಿ ಪಿಕಪ್ ಹೋಗದ ತೋಟಕ್ಕೂ ಇಳಿಯುತ್ತೆ.

ಮೀಟರ್ ಯಾವತ್ತೋ ನಿಂತಿದೆ. ಅಪ್ಪನ ಲೆಕ್ಕದಲ್ಲಿ ನಾಲ್ಕು ಲಕ್ಷ ಕಿಲೋಮೀಟರ್. ನಮ್ಮನೆ ರೇಷನ್, ನನ್ನ ಕಾಲೇಜ್ ಫೀಸು ಎಲ್ಲಾ ಇದರ ಬಾಡಿಗೇಲೇ.

3/5
ಒಂದು ವರ್ಷದಿಂದ ಸೀಟಿನ ಕೆಳಗೆ ಎರಡು ಲೀಟರಿನ ಬಾಟಲಿಗಳು ಹೆಚ್ಚಾಗ್ತಾ ಬಂದ್ವು. ಮೊದ್ಲು ಒಂದು, ಆಮೇಲೆ ನಾಲ್ಕು. ದಿನಾ ಬೆಳಿಗ್ಗೆ ಬೋರ್‌ವೆಲ್ ನೀರು ತುಂಬೋರು. ಯಾರೋ ಹೇಳಿದ್ರು ಅಂತ ಒಂದ್ಸಲ ರೇಡಿಯೇಟರಿಗೆ ಅರಿಶಿನ ಪುಡೀನೂ ಹಾಕಿದ್ರು. ಒಂದು ವಾರ ನಿಂತಂಗಾಯ್ತು, ಮತ್ತೆ ಶುರು. ನೆಲದ ಮೇಲೆ ಒಂದು ಹನಿ ಕಾಣಲ್ಲ, ಆದ್ರೆ ನೀರು ಮಾಯ!

ಒಂದು ಗ್ಯಾರೇಜಲ್ಲಿ ಬಿಚ್ಚಿ ನೋಡದೇನೇ "ಹೆಡ್ ಗ್ಯಾಸ್ಕೆಟ್ ಹೋಗಿದೆ, 40 ಸಾವಿರ ಆಗುತ್ತೆ" ಅಂದ್ರು.

ನಾನು ಬಿಕಾಂ ಸ್ಟೂಡೆಂಟ್ ಅಲ್ವಾ, ಲೆಕ್ಕ ಹಾಕಿದೆ. "ಗುಜರಿಗೆ ಕೊಟ್ಬಿಡಿ ಅಪ್ಪಾ" ಅಂದೆ. ಅವ್ರು ಏನೂ ಮಾತಾಡ್ಲಿಲ್ಲ. ಬಾಟಲಿಗಳನ್ನ ಎತ್ಕೊಂಡು ಆಚೆ ಹೋದ್ರು. ಮುಂದಿನ ವಾರ ಕೈ ಸುಟ್ಕೊಂಡ್ರು.

4/5
ರಾಬರ್ಟ್‌ಸನ್‌ಪೇಟೇಲಿ ಒಬ್ರು ವಯಸ್ಸಾದ ಮೆಕ್ಯಾನಿಕ್ ಇದ್ದಾರೆ. ಅಪ್ಪನ ಕೈಗೆ ಬ್ಯಾಂಡೇಜ್ ಇತ್ತಲ್ಲ, ಜೊತೆಗೆ ನಾನೂ ಹೋದೆ. "ಗಾಡಿ ತಣ್ಣಗಾಗ್ಲಿ ಕಣಮ್ಮಾ, ಟೀ ಕುಡಿ" ಅಂತ ಒಂದೂವರೆ ಗಂಟೆ ಕೂರಿಸಿದ್ರು.

ಆಮೇಲೆ ಆಯಿಲ್ ಕಡ್ಡಿ ಎಳೆದು ತೋರಿಸಿದ್ರು. ನೀರು ಸೇರಿದ್ರೆ ಆಯಿಲ್ ಹಾಲು ಹಾಕಿದ ಕಾಫಿ ಥರ ಆಗುತ್ತಂತೆ. ಆಗಿರ್ಲಿಲ್ಲ. ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿದ್ರು. ರೇಡಿಯೇಟರಲ್ಲಿ ಗುಳ್ಳೆ ಬರ್ಲಿಲ್ಲ, ಸೈಲೆನ್ಸರಲ್ಲಿ ಬಿಳಿ ಹೊಗೆ ಇಲ್ಲ. "ಗ್ಯಾಸ್ಕೆಟ್ ಚೆನ್ನಾಗೇ ಇದೆ" ಅಂದ್ರು. ಅಪ್ಪ ನನ್ನ ಮುಖ ನೋಡಿದ್ರು. ನಾನು ಟೀ ಗ್ಲಾಸ್ ನೋಡಿದೆ.

ಆಫ್ ಮಾಡಿ, ರೇಡಿಯೇಟರ್ ಬಾಯಿಗೆ ಕೈಪಂಪ್ ಕೂರಿಸಿ ಗಾಳಿ ಹೊಡೆದ್ರು. ಮುಳ್ಳು ನಿಧಾನಕ್ಕೆ ಇಳೀತು. ನಂಗೆ ಟಾರ್ಚ್ ಕೊಟ್ಟು, ಅವ್ರು ಸಣ್ಣ ಕನ್ನಡಿ ಹಿಡಿದು ವಾಟರ್ ಪಂಪ್ ಕೆಳಗೆ ತೋರಿಸಿದ್ರು. ಕಡ್ಲೆ ಗಾತ್ರದ ಒಂದು ತೂತು, ಅದರಿಂದ ಹನಿ. ಸುತ್ತ ಬಿಳಿ ಉಪ್ಪಿನ ಗೆರೆ. ಗಾಡಿ ಓಡುವಾಗ ಆ ಹನಿ ಬಿಸಿ ಇಂಜಿನ್ ಮೇಲೇ ಆರಿ ಹೋಗ್ತಿತ್ತು. ಅದಕ್ಕೇ ನೆಲ ಒದ್ದೆ ಆಗ್ತಿರ್ಲಿಲ್ಲ.

"ಈ ತೂತಿಗೆ ಎಂಸೀಲ್ ಹಾಕಿದ್ರೆ ಆಗಲ್ವಾ?" ಅಂತ ಕೇಳ್ದೆ. ನಕ್ಕುಬಿಟ್ರು. "ಒಳಗೆ ಸೀಲ್ ಹೋಗಿದೆ ಅಂತ ಹೇಳೋಕೇ ಇಟ್ಟಿರೋ ತೂತಮ್ಮಾ ಅದು. ಅದರ ಬಾಯಿ ಮುಚ್ಚಿದ್ರೆ ಬೇರಿಂಗ್ ಹಾಳಾಗುತ್ತೆ."

ನಮ್ಮಪ್ಪಂಗೆ ಅಂಥ ತೂತೇ ಇಲ್ಲ. ಒಂದು ವರ್ಷ ಬಾಟಲಿ ಹೊತ್ತರೂ ಮನೇಲಿ ಒಂದು ಮಾತು ಹೇಳ್ಲಿಲ್ಲ.

5/5
ಹೊಸ ವಾಟರ್ ಪಂಪ್, ಎರಡು ಹೋಸ್, ಕ್ಲಿಪ್‌ಗಳು, ಹೊಸ ಕ್ಯಾಪ್. ರೇಡಿಯೇಟರ್ ಬಿಚ್ಚಿದ್ರೆ ಒಳಗೆ ನಮ್ಮೂರ ಗಡಸು ನೀರಿನ ಸುಣ್ಣ, ಜೊತೆಗೆ ಅರಿಶಿನದ ಕೆಸರು. ಅದನ್ನ ಕ್ಲೀನ್ ಮಾಡಿಸಿ, ಅರ್ಧ ಕೂಲೆಂಟ್ ಅರ್ಧ ಡಿಸ್ಟಿಲ್ಡ್ ವಾಟರ್ ತುಂಬಿಸಿದ್ವಿ. ಒಟ್ಟು ₹6,800.

ಟ್ರಯಲ್‌ಗೆ ಬಂಗಾರಪೇಟೆಗೆ ಹೋಗಿ, ಅಲ್ಲಿನ ಬಿಳಿ ನೀರಿನ ಪಾನಿಪುರಿ ತಿಂದು ವಾಪಸ್ ಬಂದ್ವಿ. ಟೆಂಪರೇಚರ್ ಮುಳ್ಳು ಅಲುಗಾಡ್ಲಿಲ್ಲ. ದಾರೀಲಿ "ಸಾರಿ ಅಪ್ಪಾ, ಗುಜರಿಗೆ ಕೊಡಿ ಅಂದಿದ್ದಕ್ಕೆ" ಅಂದೆ. "ನೀರು ಎಲ್ಲಿ ಹೋಗ್ತಿದೆ ಅಂತ ನಾನೂ ಹುಡುಕ್ಲಿಲ್ವಲ್ಲ ಮಗಳೇ" ಅಂದ್ರು.

ಮನೇಲಿ ಹಳೇ ಗಾಡಿ ಇರೋರು ಇದನ್ನ ಸೇವ್ ಮಾಡ್ಕೊಳ್ಳಿ: ಬಿಸಿ ಇದ್ದಾಗ ಕ್ಯಾಪ್ ಮುಟ್ಬೇಡಿ. ಬೋರ್ ನೀರು ದಾರೀಲಿ ಕೈಕೊಟ್ಟಾಗ ಮಾತ್ರ. ನೀರು ಪದೇಪದೇ ಕಮ್ಮಿ ಆಗ್ತಿದ್ರೆ ಪ್ರೆಶರ್ ಟೆಸ್ಟ್ ಮಾಡಿಸಿ, ಗ್ಯಾಸ್ಕೆಟ್ ಮಾತು ಆಮೇಲೆ.

ಮತ್ತೆ ಅಕೌಂಟ್ಸ್ ಕ್ಲಾಸವ್ರಿಗೆ: ಡಿಪ್ರಿಸಿಯೇಷನ್‌ನ ರಿಟನ್ ಡೌನ್ ವ್ಯಾಲ್ಯೂ ಮೆಥಡಲ್ಲಿ ವರ್ಷಾವರ್ಷ ಎಷ್ಟೇ ಕಳೆದ್ರೂ ಬೆಲೆ ಸೊನ್ನೆ ಆಗಲ್ಲ. ಎಕ್ಸಾಮಿಗೆ ಬಾಯಿಪಾಠ ಮಾಡಿದ್ದೆ. ಈಗ ಅರ್ಥ ಆಯ್ತು.

ಸೀಟಿನ ಕೆಳಗೆ ಈಗ ಒಂದೇ ಬಾಟಲಿ. ಅದು ಅಪ್ಪ ಕುಡಿಯೋಕೆ.

#ಕೆಜಿಎಫ್ #ಬಂಗಾರಪೇಟೆ #ಅಪ್ಪನಜೀಪು